ಶ್ರೋತ್ರಿಗಳು ಆ ಗುಟ್ಟನ್ನು ಮೊಮ್ಮಗನಿಗೆ ಹೇಳಬೇಕಿತ್ತೇ?

ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯ ಕೊನೆಯ ಭಾಗದಲ್ಲಿ, ಸನ್ಯಾಸಕ್ಕೆ ಹೊರಟ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ಗೊತ್ತಾಗುತ್ತದೆ. ಅವರು ಅದನ್ನು ಮೊಮ್ಮಗ ಚೀನಿಯಿಂದ ಬಚ್ಚಿಡುವುದಿಲ್ಲ. ಮಾಡಿದ್ದು ಸರಿಯೇ?

ಪರ: ಹೇಳಲೇಬೇಕಿತ್ತು

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಶ್ರೋತ್ರಿಗಳ ಸೊಸೆ ಕಾತ್ಯಾಯನಿ. ಗಂಡ ನಂಜುಂಡ ಕಪಿಲಾ ನದಿಯ ಪಾಲಾದ. ಕೈಯಲ್ಲಿ ಕೂಸು. ಮೈಸೂರಿಗೆ ಓದಲು ಹೋದಳು, ರಾಜ ಎಂಬಾತನನ್ನು ಮೆಚ್ಚಿ ಮದುವೆಯಾದಳು. ಆಮೇಲೆ ಮಗ ಚೀನಿಯನ್ನು ಕರೆದೊಯ್ಯಲು ನಂಜನಗೂಡಿಗೆ ಬರುತ್ತಾಳಲ್ಲ, ಆ ಭಾಗವನ್ನು ಇನ್ನೊಮ್ಮೆ ಓದಿ ನೋಡಿ. ಶ್ರೋತ್ರಿಗಳು ಗದರುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ. ಮಗು ವಂಶಕ್ಕೆ ಸೇರಿದ್ದು ಎನ್ನುತ್ತಾರೆ, ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂತಿರುಗುತ್ತಾಳೆ. ಗದರಿದ್ದರೆ ಜಗಳವಾಡಿಯಾದರೂ ಮಗುವನ್ನು ಎತ್ತಿಕೊಳ್ಳುತ್ತಿದ್ದಳೇನೋ!

ಆಮೇಲೆ ಅವಳಿಗೆ ಗರ್ಭ ನಿಲ್ಲುವುದಿಲ್ಲ. ಪ್ರತಿ ಸಲವೂ ಇದು ತನ್ನ ಪಾಪ ಅಂದುಕೊಳ್ಳುತ್ತಾಳೆ. ಕೊರಗಿ ಕೊರಗಿ ಸಾಯುತ್ತಾಳೆ.

ಅವಳನ್ನು ಅಳೆದ ಕೋಲು ಯಾವುದು? ಶ್ರೋತ್ರಿ ವಂಶ. ಆ ವಂಶದ ಒಳಗಿದ್ದದ್ದೇನು? ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟ. ಆ ಹಟಕ್ಕಾಗಿ ಹಿಂದಿನ ಯಜಮಾನರು ತಮ್ಮ ಹೆಂಡತಿ ಪರಪುರುಷನಿಂದ ಮಗು ಪಡೆಯುವಂತೆ ಮಾಡಿದರು. ಹುಟ್ಟಿದವರೇ ಈ ಶ್ರೋತ್ರಿಗಳು. ಆ ಹೆಂಗಸಿನ ಮನಸ್ಸನ್ನು ಯಾರು ಕೇಳಿದರು? ಒಬ್ಬಳಿಗೆ ವಂಶಕ್ಕಾಗಿ ಮಗು ಹೆರು ಎಂದರು. ಇನ್ನೊಬ್ಬಳಿಂದ ವಂಶಕ್ಕಾಗಿಯೇ ಹೆತ್ತ ಮಗುವನ್ನು ಉಳಿಸಿಕೊಂಡರು. ಕಾದಂಬರಿಯ ಹೆಸರೇ ಈ ಮಾತು ಹೇಳುತ್ತಿದೆ, ಆದರೂ ನಾವು ಶ್ರೋತ್ರಿಗಳ ಸಂಯಮವನ್ನಷ್ಟೇ ಹೊಗಳುತ್ತೇವೆ.

ಕೋಲೇ ಡೊಂಕು ಎಂದು ಗೊತ್ತಾದ ಮೇಲೂ ಸುಮ್ನೆ ಕೂತರೆ ಅದು ಎರಡನೇ ಅನ್ಯಾಯ. ಅವಳನ್ನು ಅಳೆದವರೇ ಬಾಯಿ ಬಿಡಬೇಕಿತ್ತು. ಬಿಟ್ಟರು. ವಂಶದ ಆಸ್ತಿ ತಮ್ಮದಲ್ಲವೆಂದು ದಾನ ಮಾಡಿದರು. ಸಾಯುತ್ತಿದ್ದ ಕಾತ್ಯಾಯನಿಯ ಬಳಿಗೆ ಚೀನಿಯನ್ನು ಕರೆಸಿ, ಮಗನ ಕರ್ತವ್ಯ ಮಾಡು ಎಂದರು. ಗುಟ್ಟು ಕಟ್ಟಿಟ್ಟಿದ್ದರೆ ಈ ಹೆಜ್ಜೆ ಅವರಿಂದ ಸಾಧ್ಯವಿತ್ತೇ? ನನಗೆ ಹಾಗೆ ಅನಿಸುವುದಿಲ್ಲ.

ಮುಚ್ಚಿಡಬೇಕಿತ್ತು ಎನ್ನುವವರಿಗೆ ಬೇಕಿರುವುದು ಮನೆತನದ ಮಾನ, ಅಷ್ಟೇ. ಹುಡುಗ ಕುಗ್ಗಿಹೋಗುತ್ತಾನೆ ಎಂಬುದು ನೆಪ. ಕಾಲೇಜು ಓದುವ ಹುಡುಗ, ತಾಯಿಯ ಮೇಲೆ ಮುನಿಸು ಇಟ್ಟುಕೊಂಡು ಬೆಳೆದವನು. ಆ ಮುನಿಸಿಗೆ ಆಧಾರವಿಲ್ಲ ಎಂದು ಅವನಿಗೆ ತಿಳಿಯಬೇಡವೇ? ಸ್ವಲ್ಪ ತಡವಾಯಿತು ಎಂಬುದೊಂದೇ ನನ್ನ ಸಂಕಟ.

ವಿರೋಧ: ಸುಮ್ಮನಿರಬಹುದಿತ್ತು

ನನಗೆ ಕೊಟ್ಟಿರುವುದು ವಿರೋಧದ ಪಕ್ಷ. ಶ್ರೋತ್ರಿಗಳು ಹೇಳಿದ್ದು ಪೂರ್ತಿ ತಪ್ಪು ಎಂದು ನಾನು ಒಪ್ಪುವುದಿಲ್ಲ. ಆದರೆ ಕೇಳಿದವನ ಕಡೆಯಿಂದಲೂ ಒಂದು ಮಾತು ಇರಲಿ.

ನಮ್ಮ ಅಜ್ಜಿ ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಊಟ ಮುಗಿದ ಮೇಲೆ, ನೆಂಟರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹಳೆಯ ವಿಷಯ ತೆಗೆದರು. ದೊಡ್ಡಪ್ಪ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಅಜ್ಜಿಯ ತಂಗಿಯ ಮಗ ಎಂದರು. ಸುಳ್ಳೇನಲ್ಲ. ದೊಡ್ಡಪ್ಪ ಆಗಲೇ ಎಪ್ಪತ್ತು ದಾಟಿದ್ದರು. ಆ ಹನ್ನೆರಡು ದಿನವೂ ಒದ್ದೆ ಪಂಚೆಯಲ್ಲಿ ಕೂತು ಕರ್ಮ ಮಾಡಿದ್ದು ಅವರೇ. ರಾತ್ರಿ ನಮ್ಮಪ್ಪನನ್ನು ಕರೆದು, ‘ಇನ್ನು ಮೇಲೆ ನಾನು ಯಾರ ಹೆಸರಿಗೋ ತರ್ಪಣ ಬಿಡೋದು?’ ಎಂದು ಕೇಳಿದರು. ಅಪ್ಪ, ‘ಅಣ್ಣಾ, ನೀನೇ ಬಿಡಬೇಕು’ ಎಂದರು. ಆದರೂ ಮರುವರ್ಷದ ಶ್ರಾದ್ಧಕ್ಕೆ ದೊಡ್ಡಪ್ಪ ಬರಲಿಲ್ಲ. ಅವರ ಮಕ್ಕಳು ನಮ್ಮನೆಗೆ ಬರುವುದೂ ಕಡಿಮೆಯಾಯಿತು. ಜಮೀನಿನ ಜಗಳ ಒಂದಿಷ್ಟೂ ಇರಲಿಲ್ಲ. ಒಂದು ಮಾತು ಸಾಕಾಯಿತು.

ಹೇಳಲೇಬೇಕು ಎನ್ನುವವರಿಗೆ ಸತ್ಯ ಹೊರಬಿದ್ದರೆ ಮುಗಿಯಿತು, ಕೇಳಿದವನು ಏನಾದರೂ ಆಗಲಿ. ಕಾತ್ಯಾಯನಿಯ ಸಂಕಟ ದೊಡ್ಡದೇ. ಆದರೆ ಇಲ್ಲಿನ ಪ್ರಶ್ನೆ ಚೀನಿಯದು. ಆಸ್ತಿ ಬಿಡಬೇಕು ಅನಿಸಿದರೆ ಶ್ರೋತ್ರಿಗಳು ಬಿಡಬಹುದಿತ್ತು. ಸನ್ಯಾಸಕ್ಕೆ ಹೊರಟವರು ಅಲ್ವಾ, ಯಾರೂ ಕಾರಣ ಕೇಳುತ್ತಿರಲಿಲ್ಲ. ಗುಟ್ಟು ಹೇಳಿ ಅವರು ಮನೆ ಬಿಟ್ಟರು, ಗೋತ್ರ ಕೇಳುವವರ ನಡುವೆ ಬಾಳಬೇಕಾದವನು ಆ ಹುಡುಗ.