ಒಂದು ಬಾಟ್ಲಿ ಕುಡಿಸಿ ಬಾಯಿ ಕೆಡಿಸಿ ಹೋದ ಅಳಿಯ

ನಿನ್ನಿ ಸಂಜಿಗಿ ಮತ್ತ ಅದೇ ಹಣೇಬರ. ಮಿಲ್ ಬಂದ್ ಆದ ಮ್ಯಾಲ ವೈನ್ ಶಾಪಿಗಿ ಹೋಗಿ ಒಂದು ಬಿಯರ್ ಕೇಳಿದೆ. ಬಾಟ್ಲಿ ಮ್ಯಾಲ ಬರದಿದ್ದು ಒಂದು ರೇಟು, ಹುಡುಗನ ಬಾಯಾಗಿಂದು ಇನ್ನೊಂದು ರೇಟು. “ಕಾಕಾ, ಹತ್ತು ರೂಪಾಯಿ ಹೆಚ್ಚು. ಕೂಲಿಂಗ್ ಚಾರ್ಜ್.” ಹಿಂದ ನಾಕು ಮಂದಿ ನಿಂತಿದ್ರು, ಬಾಜೂಕ ಒಬ್ಬಂವ ಕ್ವಾರ್ಟರ್ ಅಲ್ಲೇ ಒಡದು ಬಾಯಿಗಿ ಹಚ್ಚಿದ್ದ. ಹತ್ತು ರೂಪಾಯಿ ಸಲುವಾಗಿ ಅಲ್ಲಿ ನಿಂತು ಜಗಳ ಮಾಡಿ ಓಣ್ಯಾಗ ಹೆಸರು ಕೆಡಿಸ್ಕೋಬೇಕೇನು? ಕೊಟ್ಟೆ. ಮನಿಗಿ ತಂದು ಕೈಯಾಗ ಹಿಡದ್ರ ಬಾಟ್ಲಿ ಉಗುರುಬೆಚ್ಚಗ, ಬಾಣಂತಿಗಿ ಕಾಸಿಟ್ಟ ನೀರಿನಂಗ. ಆ ಹತ್ತು ರೂಪಾಯಿ ಯಾವ ಕೂಲಿಂಗಿಗಿ ಹೋಯ್ತೋ ದೇವರೇ ಬಲ್ಲ.

ಖರೇ ಹೇಳ್ಬೇಕಂದ್ರ ಈ ಸಿಟ್ಟು ಹಳೇದು, ರೂಢಿ ಆಗ್ಯಾದ. ಹೊಸಾ ಸಿಟ್ಟು ಬ್ಯಾರೆ ಅದ. ಫ್ರಿಜ್ಜಿನಾಗ ಒಂದು ತಾಸು ಇಟ್ಟು, ತಣ್ಣಗ ಮಾಡಿ, ಶೇಂಗಾ ಹುರದು ಮುಂದ ಇಟ್ಕೊಂಡು ಒಂದು ಗುಟುಕು ಕುಡಿದೆ ನೋಡ್ರಿ, ಏನೂ ಇಲ್ಲ. ನೀರು. ಕಹಿ ಸೋಡಾ. ಇದೇ ಬಿಯರ್ ಇಪ್ಪತ್ತು ವರ್ಷ ನಾ ಸಂತೋಷದಿಂದ ಕುಡದೀನಿ. ಬ್ಯಾಸಗ್ಯಾಗ ಗೋಡೌನಿನ ತೊಗರಿ ಧೂಳು ಗಂಟಲದಾಗ ಕುಂತಾಗ ಇದೇ ನನ್ನ ಔಷಧ ಇತ್ತು. ಈಗ ಇಳೀವಲ್ದು. ಯಾಕಂದ್ರ ನನ್ನ ಅಕ್ಕನ ಮಗ ಶಾಣ್ಯಾ, ಹೋದ ವರ್ಷ ಜಾತ್ರಿಗಿ ಬಂದಂವ, ನನ್ನ ಬಾಯಿ ಕೆಡಿಸಿ ಹೋಗ್ಯಾನ.

ಅವ ಇರೋದು ಅಮೆರಿಕದಾಗ, ಶಿಕಾಗೊ ಹತ್ರ. ಕೆಲಸ ಸಾಫ್ಟ್‌ವೇರು, ಚಟ ಬಿಯರ್ ಮಾಡೋದು. ಕುಡಿಯೋದಲ್ಲರಿ, ಮಾಡೋದು. ಕಾರ್ ನಿಂದ್ರಸೋ ಗ್ಯಾರೇಜಿನಾಗ ಭಗೋಣಿ, ಪೈಪು, ಡ್ರಮ್ಮು. ನಮ್ಮ ಅಕ್ಕ ಆ ಫೋಟೊ ನೋಡಿ, “ಓದ್ಸಿದ್ದು ಇದಕ್ಕೇನೋ?” ಅಂತ ಅತ್ತಿದ್ಲು. ಅಲ್ಲಿ ಅದು ಕಾಯ್ದೇಶೀರ್ ಅದಂತ. 1978ದಾಗ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು, ಇಬ್ಬರು ದೊಡ್ಡೋರು ಇರೋ ಮನ್ಯಾಗ ವರ್ಷಕ್ಕ 200 ಗ್ಯಾಲನ್, ಅಂದ್ರ 750 ಲೀಟರಿಗಿಂತ ಹೆಚ್ಚಿಗಿ, ಮಾಡ್ಕೋಬಹುದು. ಮಾರಂಗಿಲ್ಲ ಅಷ್ಟೇ.

ಶರಣಬಸವೇಶ್ವರ ಜಾತ್ರಿ ಮುಗದ ಮರುದಿನ ರಾತ್ರಿ ಮಾಳಗಿ ಮ್ಯಾಲ ಕುಂತಿದ್ವಿ. ನಾನು, ಅವ, ಮತ್ತ ನಮ್ಮ ಮಿಲ್ಲಿನ ಸೂಪರ್ವೈಜರ್, ನನ್ನ ಹಳೇ ದೋಸ್ತ. ಅಳಿಯ ಬ್ಯಾಗಿನಿಂದ ಕಾಲುಚೀಲದಾಗ ಸುತ್ತಿದ ಒಂದು ಬಾಟ್ಲಿ ತಗದ. ಅರ್ಧ ಲೀಟರಿಂದು, ಬಾಯಿಗಿ ಕರಿ ಮೇಣ. “ಮಾಮಾ, ಬೋರ್ಬನ್ ಬ್ಯಾರಲ್ ಏಜ್ಡ್ ಸ್ಟೌಟ್.” ಬೋರ್ಬನ್ ಪೀಪಾಯಿದಾಗ ತಿಂಗಳಾನುಗಟ್ಲೆ ಇಟ್ಟ ಕರಿ ಬಿಯರ್ ಅಂತ. ಬೋರ್ಬನ್ ಅಂದ್ರ ನಮಗ ಗೊತ್ತಿದ್ದುದು ಚಾದಾಗ ಅದ್ದೋ ಬಿಸ್ಕೀಟು. ಅದನ್ನೇ ಅಂದೆ. ಅಲ್ಲಿಂದ ಶುರು ಆಯ್ತು ಪುರಾಣ.

ಬೋರ್ಬನ್ ಅಂದ್ರ ಅಮೆರಿಕದ ವಿಸ್ಕಿ, ಕಾಳಿನ ಪೈಕಿ ಕಮ್ಮಿ ಅಂದ್ರೂ ನೂರಕ್ಕ 51 ಪಾಲು ಗೋವಿನಜೋಳ ಇರಲೇಬೇಕು. ಅದನ್ನ ಇಡಬೇಕಾದ್ದು ಓಕ್ ಮರದ ಹೊಸಾ ಪೀಪಾಯಿದಾಗ, ಅದರ ಒಳಮೈ ಬೆಂಕಿಗಿ ಹಿಡದು ಕರಕ ಮಾಡಿರಬೇಕು. ಕಾಯ್ದೆ ಹಾಂಗ ಅದ. ಅಂದ ಮ್ಯಾಲ ಒಂದು ಸಲ ಬೋರ್ಬನ್ ಇಟ್ಟ ಪೀಪಾಯಿ ಬೋರ್ಬನ್ನಿಗಿ ಮತ್ತ ನಡಿಯಂಗಿಲ್ಲ, ಮಾರ್ತಾರ. ಸ್ಕಾಟ್‌ಲ್ಯಾಂಡಿಗಿ ಹೋಗ್ತಾವು, ಬಿಯರ್ ಮಾಡೋರು ಒಯ್ತಾರ. ಕಟ್ಟಿಗ್ಯಾಗ ಹೀರಿಕೊಂಡ ವಿಸ್ಕಿ ನಿಧಾನಕ್ಕ ಬಿಯರಿನಾಗ ಇಳೀತದ. 1990ರ ದಶಕದಾಗ ಅವರ ಊರಿನ ಗೂಸ್ ಐಲ್ಯಾಂಡ್ ಅನ್ನೋ ಬ್ರೂವರಿ ಈ ಹುಚ್ಚು ಹಚ್ಚಿತು ಅಂತ. 2011ದಾಗ ಆ ಸಣ್ಣ ಬ್ರೂವರೀನ ದೊಡ್ಡ ಬಿಯರ್ ಕಂಪನಿ ಕೊಂಡುಕೊಳ್ತು ಅಂತಾನೂ ಹೇಳ್ದ. ದೊಡ್ಡೋರು ಸಣ್ಣೋರನ್ನ ನುಂಗೋದಕ್ಕ ಶಿಕಾಗೊ ಆದ್ರೇನು, ನಮ್ಮ ಗಂಜ್ ಆದ್ರೇನು.

ಪೀಪಾಯಿ ಒಂದು ಸುಮಾರು 200 ಲೀಟರಿಂದು. ಇವನ ಗ್ಯಾರೇಜಿನ ಭಗೋಣ್ಯಾಗ ಒಂದು ಸಲಕ್ಕ ಆಗೋದು 20 ಲೀಟರ್. ಅದಕ್ಕ ಹತ್ತು ಮಂದಿ ಗೆಳೆಯರು ಕೂಡಿ, ತಮ್ಮ ತಮ್ಮ ಮನ್ಯಾಗ ಒಂದೇ ಲೆಕ್ಕದ ಬಿಯರ್ ಮಾಡಿ, ಎಲ್ಲಾ ತಂದು ಒಂದೇ ಪೀಪಾಯಿಗಿ ಸುರದಾರ. ಕೇಳಿ ನಮ್ಮ ದೋಸ್ತ ಅಂದ, “ನಮ್ಮಲ್ಲಿ ಹತ್ತು ಮಂದಿ ಕೂಡಿ ಒಂದು ಬೋರ್ವೆಲ್ ಹಾಕ್ಸಿದ್ರ ಮೂರ್ನೇ ದಿನಕ್ಕ ಕೋರ್ಟಿಗಿ ಹೋಗ್ತಾರ.” ಒಂಬತ್ತು ತಿಂಗಳು ಆ ಪೀಪಾಯಿ ಮುಟ್ಟಿಲ್ಲ. ಒಂಬತ್ತು ತಿಂಗಳು! ಹೆತ್ತಂಗೇ ಆಯ್ತಲ್ಲ.

ಇನ್ನ ಬಾಟ್ಲಿ. ಚಾಕುಲಿಂದ ಮೇಣ ಕೆತ್ತಿ, ಮುಚ್ಚಳ ಎಬ್ಬಿಸಿ ಗ್ಲಾಸಿಗಿ ಹಾಕ್ದ. ಟ್ರ್ಯಾಕ್ಟರಿನ ಹಳೇ ಆಯಿಲ್ ಹೆಂಗ ಇಳೀತದ ಹಂಗ ಇಳೀತು, ಸಪ್ಪಳ ಇಲ್ಲ. ನೊರಿ ಬಿಳಿ ಅಲ್ಲ, ಕಾಕಂಬಿ ಬಣ್ಣದ್ದು, ಬೆರಳಿನಷ್ಟು ಎದ್ದು ಕುಂತಿತು. ನಾ ಬರ್ಫ್ ಕೇಳಿದೆ. “ಬ್ಯಾಡ ಮಾಮಾ, ಭಾಳ ತಣ್ಣಗಾದ್ರ ವಾಸನಿ ಸಾಯ್ತದ” ಅಂದ. ಮೂಗಿನ ಹತ್ರ ಹಿಡದೆ. ಅಫಜಲಪುರ ಕಡಿ ಗಾಣಕ್ಕ ಹೋದವರಿಗಿ ಗೊತ್ತು, ಬೆಲ್ಲದ ಕೊಪ್ಪರಿಗಿ ಇಳಸೋ ಹೊತ್ತಿಗಿ ತಳ ತುಸು ಹಿಡದಾಗ ಒಂದು ವಾಸನಿ ಬರ್ತದಲ್ಲ, ಅದು. ಅದರ ಹಿಂದ ಸುಟ್ಟ ಕೊಬ್ಬರಿ. ಅದರ ಹಿಂದ ಹೊಸಾ ಬಾಗಿಲಕ್ಕ ಬಡಿಗ್ಯಾ ರಂಧ ಹೊಡದಾಗಿನ ಕಟ್ಟಿಗಿ ವಾಸನಿ. ಒಂದು ಗುಟುಕು ಕುಡಿದು ನಾ ಮಾತಾಡ್ಲಿಲ್ಲ. ಎರಡು ನಿಮಿಷ ಆದ್ರೂ ನಾಲಗಿ ಮ್ಯಾಲ ಅದು ಹಂಗೇ ಇತ್ತು, ಮತ್ತ ಎದ್ಯಾಗ ಸಣ್ಣಗ ಬೆಚ್ಚಗ. ನೂರಕ್ಕ 12 ಆಲ್ಕೋಹಾಲ್ ಅಂತ, ಗೊತ್ತೇ ಆಗಲ್ಲ.

ನಮ್ಮ ದೋಸ್ತ ಒಂದು ಗುಟುಕು ಕುಡದು, “ಕಷಾಯ ಕೆಟ್ಟಿಲ್ಲ, ಆದ್ರ ಥಮ್ಸ್ ಅಪ್ ಬೇಕಾಗ್ಯಾದ” ಅಂದು ಖರೇನ ಥಮ್ಸ್ ಅಪ್ ಸುರಕೊಂಡ. ಅಳಿಯನ ಮಾರಿ ನೋಡ್ಬೇಕಿತ್ತು ನೀವು, ಕೂಸಿನ ಮಾರಿಗಿ ಯಾರೋ ಮಸಿ ಬಳದಂಗ. ಈಗ ಅನ್ಸ್ತದ, ಆ ಮನಷ್ಯಾನೇ ಶಾಣ್ಯಾ. ಅವನ ಬಾಯಿ ಕೆಡ್ಲಿಲ್ಲ. ಇವತ್ತಿಗೂ ಅವ ಅದೇ ವೈನ್ ಶಾಪಿನ ಬಿಯರ್ ಕುಡದು ಆರಾಮ ನಿದ್ದಿ ಮಾಡ್ತಾನ.

ಅಲ್ಲಿ ಅಂಗಡ್ಯಾಗ ಇಂಥಾದ್ದಕ್ಕ ಇಪ್ಪತ್ತು ಡಾಲರ್ ಮ್ಯಾಲ ಕೊಡಬೇಕು, ನನಗ ಐದು ಡಾಲರ್ ಬಿತ್ತು ಅಂತ ಅಳಿಯ ಎದಿ ಉಬ್ಬಸ್ದ. ನಾ ದಾಲ್ ಮಿಲ್ಲಿನಾಗ ಹದಿನೆಂಟು ವರ್ಷ ಲೆಕ್ಕ ಬರದಂವ. ಸುಮ್ನ ಕುಂದ್ರಲಿಲ್ಲ. 20 ಲೀಟರಿಗಿ ಒಂಬತ್ತು ಕಿಲೊ ಮಾಲ್ಟು, ಅಂದ್ರ ಮೊಳಕಿ ಬರ್ಸಿ ಒಣಗ್ಸಿದ ಕಾಳು, ಕಹಿ ಕೊಡೋ ಹಾಪ್ಸ್ ಹೂವು, ಹುದುಗು ಹಿಡಸೋ ಈಸ್ಟು, ಪೀಪಾಯಿ ಪಾಲು, ಅದೆಲ್ಲಾ ಹಿಡದಿ. ಬೆಳಗಿಂದ ಸಂಜಿ ತನಕ ಒಲಿ ಮುಂದ ನಿಂತಿದ್ದು? ಬಾಟ್ಲಿ ತೊಳದಿದ್ದು? ನಿನ್ನ ಸಾಫ್ಟ್‌ವೇರಿನ ತಾಸಿನ ಪಗಾರ ಹಾಕಿದ್ರ ಅಂಗಡಿ ಬಾಟ್ಲಿನೇ ಸಸ್ತಾ ಅಂದೆ. ಮ್ಯಾಲಿಂದ ಕಟ್ಟಿಗಿ ಸಂದಿನಾಗ ಒಂದಿಷ್ಟು ಬಿಯರ್ ಹಾರಿ ಹೋಗ್ತದ ಅಂತಾನ. ಅದು ನನಗ ತಿಳೀತದ. ಗೋಡೌನಿನಾಗ ಆರು ತಿಂಗಳು ಇಟ್ಟ ತೊಗರಿ ಒಣಗಿ ತೂಕ ಇಳೀತದಲ್ಲ, ಹಾಂಗೇ. ಜಾಗಾದ ಬಾಡಿಗಿ, ಕುಂತ ರೊಕ್ಕದ ಬಡ್ಡಿ, ಹೋದ ತೂಕ, ಇಷ್ಟು ಹಿಡದ್ರ ಇಪ್ಪತ್ತು ಡಾಲರ್ ಲೂಟಿ ಅಲ್ಲ ಅಂತ ನಾನೇ ಒಪ್ಪಿದೆ. ಅಲ್ಲಿಗಿ ಮುಗೀಬೇಕಿತ್ತು.

ಮುಗೀಲಿಲ್ಲ. ಎರಡು ತಿಂಗಳಿಗಿ ಒಂದು ಮದಿವಿ ಸಲುವಾಗಿ ಬೆಂಗಳೂರಿಗಿ ಹೋದೆ. ಹೆಂಡತಿ ಸೀರಿ ಅಂಗಡಿಗಿ, ನಾ ಆ ಬಿಯರ್ ಹುಡಿಕ್ಕೊಂಡು ಅಲ್ಲೇ ಬಿಯರ್ ಮಾಡೋ ಒಂದು ಪಬ್ಬಿಗಿ. ಇಟ್ಟಂಗಿ ಗ್ವಾಡಿಗಿ ಗಿಲಾವ ಇಲ್ಲ, ಮ್ಯಾಲ ವೈರಿಗಿ ಬಲ್ಬ್ ಜೋತು ಬಿಟ್ಟಾರ, ಕುಂದ್ರಲಾಕ ಬೆನ್ನು ಆನಸೋ ಕುರ್ಚಿ ಇಲ್ಲ. ಇದೇ ಅವತಾರದಾಗ ನಮ್ಮ ಮಿಲ್ಲಿನ ಶೆಡ್ ಇದ್ರ ಇನ್ಸ್‌ಪೆಕ್ಟರ್ ನೋಟಿಸ್ ಕೊಡ್ತಿದ್ದ. ಮೆನುದಾಗ ಇತ್ತು: ಬೋರ್ಬನ್ ಓಕ್ ಸ್ಟೌಟ್. ಸಣ್ಣ ಗ್ಲಾಸು, ಐದು ನೂರ ಎಪ್ಪತ್ತೈದು ರೂಪಾಯಿ. ಎದಿ ಗಟ್ಟಿ ಮಾಡಿ ಹೇಳಿದೆ.

ಬಂತು. ಕರ್ರಗ ಇತ್ತು, ಅಷ್ಟೇ. ಬೆಲ್ಲ ಇಲ್ಲ, ಕೊಬ್ಬರಿ ಇಲ್ಲ, ನಿನ್ನಿ ಕಾಫಿಗಿ ನೀರು ಬೆರಸಿದಂಗ ಒಂದು ರುಚಿ. ಹುಡುಗನ್ನ ಕರದು, “ಪೀಪಾಯಿ ಎಲ್ಲಿ ಅದ, ತೋರ್ಸಪ್ಪಾ” ಅಂದೆ. ಅವ ನಕ್ಕು, “ಬ್ಯಾರಲ್ ಇಲ್ಲ ಸರ್, ನಾವು ಚಿಪ್ಸ್ ಹಾಕ್ತೀವಿ” ಅಂದ. ನಾ ಆಲೂ ಚಿಪ್ಸ್ ತರ್ತಾನೇನೋ ಅಂತ ಐದು ನಿಮಿಷ ಕುಂತೆ! ಆಮ್ಯಾಲ ತಿಳೀತು, ಓಕ್ ಕಟ್ಟಿಗಿ ಚೂರು. ಚೂರನ್ನ ವಿಸ್ಕಿದಾಗ ನೆನಸಿ ಸ್ಟೀಲ್ ಟ್ಯಾಂಕಿನಾಗ ಬಿಡ್ತಾರ. ಮನ್ಯಾಗ ಮಾಡೋರೂ ಪೀಪಾಯಿ ಸಿಗದಾಗ ಅದನ್ನೇ ಮಾಡ್ತಾರಂತ, ಅದು ತಪ್ಪಲ್ಲ ಅಂತ ಅಳಿಯ ಫೋನಿನಾಗ ಸಮಾಧಾನ ಹೇಳ್ದ. ತಪ್ಪಲ್ಲ, ಆದ್ರ ಚೂರಿನ ರೊಕ್ಕ ತಗೋಬೇಕು, ಪೀಪಾಯಿ ರೊಕ್ಕ ಯಾಕ? ಇನ್ನೊಂದು ಮಾತೂ ಹೇಳ್ದ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಾಗ ಬಿಯರ್ ಅಂದ್ರ ಆಲ್ಕೋಹಾಲ್ ನೂರಕ್ಕ 8ರ ತನಕ ಅಷ್ಟೇ. 5 ದಾಟಿದ್ರ ಸ್ಟ್ರಾಂಗು, 8 ದಾಟಿದ್ರ ಅದು ಬಿಯರೇ ಅಲ್ಲ. ಅಂದ್ರ ಅವ ಕುಡಿಸಿದ ಆ 12ರ ತಳೀನ ಇಲ್ಲಿ ಬಿಯರ್ ಅಂತ ಮಾಡಿ ಹಾಕಂಗಿಲ್ಲ. ಇದನ್ನ ಮಾಳಗಿ ಮ್ಯಾಲೇ ಹೇಳಿದ್ರ ನನ್ನ ರೊಕ್ಕ ಉಳೀತಿತ್ತಲ್ಲೋ ಭಾಡ್ಯಾ!

ಬಿಲ್ಲಿನ ಕಡಿಗಿ ಸರ್ವಿಸ್ ಚಾರ್ಜು ಬ್ಯಾರೆ. ಅದನ್ನ ತಾವಾಗೇ ಬಿಲ್ಲಿಗಿ ಸೇರಸಬಾರದು, ಗಿರಾಕಿ ಇಚ್ಛಾ ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ದಾಗೇ ಹೇಳ್ಯಾದ. ಹೇಳಿದೆ. ಮ್ಯಾನೇಜರ್ ಬಂದು ಇಂಗ್ಲಿಷಿನಾಗ ಏನೋ ಅಂದ, ನಾ ಕಲಬುರ್ಗಿ ಕನ್ನಡದಾಗ ಒಂದೆರಡು ಅಂದೆ. ತಗದ. ಆ ದಿನದಾಗ ಗೆದ್ದಿದ್ದು ಅದೊಂದೇ.

ಊರಿಗಿ ಬಂದ ಮ್ಯಾಲ, ಹಾಳಾಗ್ಲಿ, ನಾನೇ ಮಾಡ್ಬೇಕು ಅಂತ ತಲ್ಯಾಗ ಹೊಕ್ಕಿತು. ನಾಕು ರಾತ್ರಿ ಮೊಬೈಲಿನಾಗ ಕಣ್ಣು ಕೆಡಿಸ್ಕೊಂಡೆ. ಕಾಳು ಮೊಳಕಿ ಬರ್ಸಿ, ಒಣಗ್ಸಿ, ಹುರಿಯೋದು ನಮಗ ಹೊಸದೇನಲ್ಲ, ನಮ್ಮವ್ವ ಕೂಸುಗಳಿಗಿ ಮೊಳಕಿ ಹಿಟ್ಟು ಹಾಂಗೇ ಮಾಡ್ತಿದ್ಲು. ಸಮಸ್ಯೆ ಈಸ್ಟಿಂದು. ಆ ಬಿಯರಿನ ಈಸ್ಟಿಗಿ 18ರಿಂದ 20 ಡಿಗ್ರಿ ಬೇಕು. ಸೆಕಿ ಹೆಚ್ಚಾದ್ರ ಅದು ಹುಚ್ಚು ಹಿಡದಂಗ ಓಡಿ ಒರಟು ಆಲ್ಕೋಹಾಲ್ ಹುಟ್ಟಸ್ತದ, ಗಂಟಲ ಸುಡ್ತದ. ಕಲಬುರ್ಗ್ಯಾಗ ಮೇ ತಿಂಗಳದಾಗ 42 ಡಿಗ್ರಿ. ಮನಷ್ಯಾರಿಗೇ ಎ.ಸಿ. ಇಲ್ಲ, ಈಸ್ಟಿಗಿ ಹಗಲು ರಾತ್ರಿ ಎ.ಸಿ. ಹಾಕ್ಲೇನು? ನಡುವ ಕರೆಂಟು ಹೋದ್ರ ಅದಕ್ಕ ಬೀಸಣಿಗಿ ಬೀಸ್ಲೇನು? ಐದು ಲೀಟರಿನ ಪುಟ್ಟ ಪೀಪಾಯಿನೂ ಸಿಗ್ತದಂತ, ಅದರಾಗ ಬಿಯರ್ ಕಮ್ಮಿ, ಕಟ್ಟಿಗಿ ಹೆಚ್ಚು ತಾಗ್ತದ, ನಾಕು ವಾರದಾಗ ಬಿಯರ್ ಹೋಗಿ ಕಟ್ಟಿಗಿ ಕಷಾಯ ಆಗ್ತದ.

ಹೆಂಡತಿ ಇದ್ಯಾವುದೂ ಕೇಳ್ಲಿಲ್ಲ. “ಲೈಸೆನ್ಸ್ ಅದ ಏನ್ರಿ?” ಅಂದ್ಲು, ಅಷ್ಟೇ. ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮನ್ಯಾಗ ಬಿಯರ್ ಮಾಡೋದೂ ಅಪರಾಧನೇ, ಜೈಲು ಅದ. ಮಗಳ ಲಗ್ನ ನಿಕ್ಕಿ ಆಗೋ ಹೊತ್ತಿನಾಗ ಪೇಪರಿನಾಗ ಫೋಟೊ ಬಂದ್ರ ಮುಗೀತು. ಬಿಟ್ಟೆ.

ನಮ್ಮಜ್ಜನ ಕಾಲದಾಗ ಹೊಲದ ಬದುವಿನ ಈಚಲ ಗಿಡದ ಸೇಂದಿ ಇತ್ತು. ಮುಂಜಾನಿ ಗಡಿಗಿ ಇಳಸಿದ್ರ ಸಿಹಿ, ಮಧ್ಯಾಹ್ನಕ್ಕ ಹುಳಿ, ಸಂಜಿಗಿ ತಲಿಗಿ ಏರ್ತದ. ಅದಕ್ಕ ಪೀಪಾಯಿ ಬೇಡ, ಒಂಬತ್ತು ತಿಂಗಳು ಬೇಡ, ಅದರ ಆಯಸ್ಸೇ ಒಂದು ದಿನ. ಈಗ ಅದೂ ನಮ್ಮ ಕಡಿ ಬಂದ್. ಸಾರಾಯಿ 2007ದಾಗೇ ಬಂದ್. ಕೆಮಿಕಲ್ ಬೆರಸಿ ಮಂದೀನ ಕೊಲ್ಲೋರಿದ್ರು, ಬಂದ್ ಮಾಡಿದ್ದು ತಪ್ಪು ಅಂತ ನಾ ಹೇಳಲ್ಲ. ಆದ್ರ ಉಳದಿದ್ದು ಏನು ನೋಡ್ರಿ. ಬಿಯರ್ ಮ್ಯಾಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈದಾಗ ನೂರಕ್ಕ 175ರಿಂದ 185, 2025ರ ಜನವರಿದಾಗ 195. ಸರ್ಕಾರ ತಗೊಂಡಿದ್ದು ಸರ್ಕಾರಕ್ಕ, ಅಂಗಡಿಯವ ತಗೊಂಡ ಹತ್ತು ರೂಪಾಯಿ ಅಂಗಡಿಯವಗ, ನನಗ ಉಳದಿದ್ದು ಬೆಚ್ಚನ ಕಹಿ ಸೋಡಾ. ಐದುನೂರ ಎಪ್ಪತ್ತೈದು ಕೊಟ್ರೂ ಮೋಸ, ಎಮ್ಮಾರ್ಪಿ ಮ್ಯಾಲ ಹತ್ತು ಕೊಟ್ರೂ ಮೋಸ. ಖರೇದ್ದು ಇರೋದು ಒಬ್ಬನ ಗ್ಯಾರೇಜಿನಾಗ, ಅದೂ ಮಾರಂಗಿಲ್ಲ!

ಇದನ್ನೆಲ್ಲಾ ಹೊಟ್ಟಿ ಉರಕೊಂಡು ಅವಂಗ ಫೋನ್ ಹಚ್ಚಿ ಹೇಳಿದೆ. ನಕ್ಕ. “ಮಾಮಾ, ನೀ ಒಬ್ಬನೇ ಅದನ್ನ ಕುಡದು ಎರಡು ನಿಮಿಷ ಸುಮ್ಮ ಕುಂತಾಂವ” ಅಂದ. ಹೊಗಳಿದನೋ ಛೇಡಿಸಿದನೋ ತಿಳೀಲಿಲ್ಲ.

ಆ ಖಾಲಿ ಬಾಟ್ಲಿ ನಾ ತೊಳದು ಶೋಕೇಸಿನಾಗ ಇಟ್ಟಿದ್ದೆ. ಹೆಂಡತಿ ಯಾವಾಗೋ ತಗದು ಕುಸುಬಿ ಎಣ್ಣಿ ತುಂಬಿ ಒಲಿ ಬಾಜೂಕ ಇಟ್ಟಾಳ, ಬಾಯಿಗಿ ಕರಿ ಮೇಣ ಇನ್ನೂ ಅರ್ಧ ಹಂಗೇ ಅದ. ಇವತ್ತು ಎಣ್ಣಿ ತೀರ್ಯಾದ, ಮಿಲ್ಲಿನಿಂದ ಬರೋ ಮುಂದ ತರ್ಲಾಕ ಹೇಳ್ಯಾಳ. ಗಾಣದಂವ ಕೂಲಿಂಗ್ ಚಾರ್ಜ್ ಅಂತೂ ಕೇಳಂಗಿಲ್ಲ.