ಮಾಮೂಲಿ ಸೋಂಕು ಮಕ್ಕಳ ರಕ್ತ ಕ್ಯಾನ್ಸರಿಗೆ ದಾರಿಯಾಗುತ್ತದೆಯೇ?

ಪರ: ಎರಡನೇ ಪೆಟ್ಟು ಸೋಂಕಿನದೇ

2ರಿಂದ 5 ವರ್ಷದ ಮಕ್ಕಳಲ್ಲೇ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿನಲ್ಲಿ ಮೊದಲ ಪೆಟ್ಟು, ಅಂದರೆ ಜೀನುಗಳಿಗೆ ಆಗುವ ಮೊದಲ ಹಾನಿ, ಎಷ್ಟೋ ಸಲ ಬಸಿರಿನಲ್ಲೇ ಬಿದ್ದಿರುತ್ತದೆ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಚುಕ್ಕೆಯನ್ನು, ಕಾಯಿಲೆ ಬಂದ ಮೇಲೆ ಹೊರತೆಗೆದು ನೋಡಿದ್ದಾರೆ. ಇಟಿವಿ6, ರನ್‌ಎಕ್ಸ್1 ಎಂಬ ಎರಡು ಜೀನುಗಳು ಆಗಲೇ ಬೆಸೆದುಕೊಂಡಿದ್ದವು. ಆದರೆ ಈ ಬೆಸುಗೆ ಹೊತ್ತು ಹುಟ್ಟಿದ ನೂರರಲ್ಲಿ ಸುಮಾರು 99 ಮಕ್ಕಳಿಗೆ ಏನೂ ಆಗುವುದಿಲ್ಲ. ಹಾಗಾದರೆ ಎರಡನೇ ಪೆಟ್ಟು ಯಾವುದು?

ಬ್ರಿಟನ್ನಿನ ಕ್ಯಾನ್ಸರ್ ವಿಜ್ಞಾನಿ ಮೆಲ್ ಗ್ರೀವ್ಸ್ 1988ರಲ್ಲಿ ಕೊಟ್ಟ ಉತ್ತರ: ತಡವಾಗಿ ಬಂದ ಸೋಂಕು. ಮೊದಲ ವರ್ಷ ನೆಗಡಿ, ಜ್ವರಗಳಿಗೆ ಪಳಗದ ರೋಗನಿರೋಧಕ ವ್ಯವಸ್ಥೆ ಮುಂದೆ ಸಾಮಾನ್ಯ ವೈರಸ್ಸಿಗೂ ವಿಪರೀತ ರೇಗುತ್ತದೆ. ಪ್ರತಿಕಾಯಕ್ಕಾಗಿ ಬಿ-ಕೋಶ ಎಂಬ ಬಿಳಿ ರಕ್ತಕಣದ ಡಿಎನ್‌ಎ ಕತ್ತರಿಸಿ ಜೋಡಿಸುವ ರ‍್ಯಾಗ್ ಕಿಣ್ವ ಆ ಗಡಿಬಿಡಿಯಲ್ಲಿ ಬೇಡದ ಕಡೆಯೂ ಕತ್ತರಿ ಆಡಿಸುತ್ತದೆ. ಅದು ಕತ್ತರಿಸಿದ ಗುರುತು ಕ್ಯಾನ್ಸರ್ ಕೋಶಗಳಲ್ಲಿ ಸಿಕ್ಕಿದೆ. ಬಿ-ಕೋಶ ಬೆಳೆಯಲು ಬೇಕಾದ ಪ್ಯಾಕ್ಸ್5 ಜೀನಿನ ಒಂದು ಪ್ರತಿ ಇಲ್ಲದ ಇಲಿಗಳು ಸೋಂಕಿಲ್ಲದ ಗೂಡಿನಲ್ಲಿ ಲ್ಯುಕೇಮಿಯಾ ಇಲ್ಲದೆ ಬದುಕಿದವು. ಮಾಮೂಲಿ ಗೂಡಿಗೆ ಬಿಟ್ಟಾಗ ಕೆಲವಕ್ಕೆ ಬಂತು. ಹಲವು ಅಧ್ಯಯನ ಒಟ್ಟುಗೂಡಿಸಿದರೆ, ಶಿಶುವಿಹಾರಕ್ಕೆ ಹೋದ ಮಕ್ಕಳಿಗೆ ಅಪಾಯ ಸುಮಾರು ಕಾಲುಭಾಗ ಕಡಿಮೆ.

ವಿರೋಧ: ವೈರಸ್ ಎಲ್ಲಿದೆ?

ವೈರಸ್ ತರುವ ಲ್ಯುಕೇಮಿಯಾ ಹೇಗಿರುತ್ತದೆಂದು ಗೊತ್ತಿದೆ. ವಯಸ್ಕರ ಟಿ-ಕೋಶದ ಲ್ಯುಕೇಮಿಯಾದಲ್ಲಿ ಎಚ್‌ಟಿಎಲ್‌ವಿ-1 ಎಂಬ ವೈರಸ್ ಕ್ಯಾನ್ಸರ್ ಕೋಶದ ಡಿಎನ್‌ಎಯೊಳಗೇ ಕೂತಿರುತ್ತದೆ. ಮಕ್ಕಳ ಕೋಶಗಳನ್ನು ಜಾಲಾಡಿದರೂ ಅಂಥದ್ದು ಸಿಕ್ಕಿಲ್ಲ. ‘ಯಾವುದೋ ಸೋಂಕು, ಎಂದೋ ಬಂದು ಹೋಗಿದೆ’ ಎನ್ನುವುದಾದರೆ, ಆ ಮಾತನ್ನು ಸುಳ್ಳು ಮಾಡಬಲ್ಲ ಪರೀಕ್ಷೆ ಯಾವುದು?

ಶಿಶುವಿಹಾರದ ಲೆಕ್ಕವೂ ಸೋರುತ್ತದೆ. ಹೋಲಿಕೆಗೆ ಸಿಗುವ ಆರೋಗ್ಯವಂತ ಮಕ್ಕಳ ಮನೆಯವರು ಬಹುಮಟ್ಟಿಗೆ ಅನುಕೂಲಸ್ಥರು. ಶಿಶುವಿಹಾರಕ್ಕೆ ಕಳಿಸುವವರೂ ಅವರೇ ಹೆಚ್ಚಾದರೆ ಇಲ್ಲದ ರಕ್ಷಣೆ ಇದ್ದಂತೆ ಕಾಣುತ್ತದೆ. ಎಷ್ಟು ಸಲ ಜ್ವರ ಬಂದಿತ್ತೆಂದು ಮೂರು ವರ್ಷ ಕಳೆದ ಮೇಲೆ ತಾಯಿಯನ್ನು ಕೇಳುವುದಂತೂ ಇನ್ನೂ ದುರ್ಬಲ. ಬ್ರಿಟನ್ನಿನಲ್ಲಿ ನೆನಪನ್ನು ಬದಿಗಿಟ್ಟು ಕುಟುಂಬ ವೈದ್ಯರ ದಾಖಲೆ ತೆರೆದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಬಂತು. ಕಾಯಿಲೆ ಬಂದ ಮಕ್ಕಳಿಗೆ ಮೊದಲ ವರ್ಷ ಸೋಂಕು ಹೆಚ್ಚೇ ಆಗಿತ್ತು.

ರೋಗ ಪತ್ತೆಗೆ ಮುಂಚಿನ ವಾರಗಳ ಜ್ವರವನ್ನೂ ಕಾರಣದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಜ್ಜೆಯಲ್ಲಿ ಕ್ಯಾನ್ಸರ್ ಕೋಶ ತುಂಬಿ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಕುಸಿದಾಗ ಸೋಂಕು ತಾನಾಗಿ ಬರುತ್ತದೆ, ಅದು ರೋಗದ ಫಲ. ಇಷ್ಟು ತೆಳುವಾದ ಪುರಾವೆ ನಂಬಿ, ‘ಪಳಗಲಿ’ ಎಂದು ಕೂಸನ್ನು ಕೆಮ್ಮುವವರ ಮಗ್ಗುಲಲ್ಲಿ ಮಲಗಿಸಿದರೆ? ಆರ್‌ಎಸ್‌ವಿ, ಎಂಬ ಉಸಿರಾಟದ ವೈರಸ್, ನಾಯಿಕೆಮ್ಮು ಎರಡೂ ಎಳೆಗೂಸಿನ ಉಸಿರನ್ನೇ ನಿಲ್ಲಿಸಬಲ್ಲವು.