ನಾರ್ವೆಗೆ ಹೊರಟ ಜಾಕೆಟ್ಟು

ಮೇ ತಿಂಗಳ ಕಲಬುರಗಿ. 43 ಡಿಗ್ರಿ. ಬೋರಿನ ಸವಳು ನೀರಿಗೆ ಕೂಲರಿನ ಪಂಪು ಕಟ್ಟಿಕೊಂಡು, ಅದು ಬರೀ ಬಿಸಿಗಾಳಿ ಊದುತ್ತಿತ್ತು. ಇಂಥ ಹೊತ್ತಲ್ಲೇ ಮನುಷ್ಯನಿಗೆ ದೊಡ್ಡ ಕನಸು ಬೀಳೋದು.

‘ರೊಕ್ಕದ ಚಿಂತಿ ಇಲ್ಲಂತ ತಿಳ್ಕೋ. ಎಲ್ಲಿಗಿ ಹೋಗೋಣು?’ ಅಂತ ಹೆಂಡತಿಯನ್ನು ಕೇಳಿದೆ.

‘ಮೊದಲ ಕೂಲರ್ ರಿಪೇರಿ ಅಂಗಡಿಗಿ ಹೋಗ್ರಿ.’

ಹೋಗಲಿಲ್ಲ, ಫೋನ್ ಮಾಡಿ ಬರಹೇಳಿದೆ. ಕನಸು ಮುಂದುವರಿಸಿದೆ. ಸ್ವಿಟ್ಜರ್ಲೆಂಡಿನಲ್ಲಿ ಯುಂಗ್‌ಫ್ರಾವ್‌ಯೋಖ್ ಅಂತ ಇದೆ. 3454 ಮೀಟರ್ ಎತ್ತರದ ಹಿಮಕ್ಕೆ 1912ರಿಂದಲೇ ರೈಲಲ್ಲಿ ಕರೆದೊಯ್ಯುತ್ತಾರೆ. ಆದರೆ ಆ ಹೆಸರು ಹೇಳುವಷ್ಟರಲ್ಲೇ ಬೆವರು ಕಿತ್ತುಕೊಂಡು ಬಂತು. ಅದಕ್ಕೇ ನಾರ್ವೆಯ ಟ್ರೊಮ್ಸೊ ಆರಿಸಿದೆ. ಆರ್ಕ್ಟಿಕ್ ವೃತ್ತದ ಆಚೆಗಿನ ಊರು. ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದೆ. ಮಕ್ಕಳ ಸೂಟಿ ಇರುವಾಗಲೇ ಹೋಗಿಬರೋಣ ಅಂತ ತಾರೀಖು ನೋಡಿದರೆ, ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನ ತನಕ ಅಲ್ಲಿ ಸೂರ್ಯ ಮುಳುಗೋದೇ ಇಲ್ಲ!

‘ಇಲ್ಲಿ ಹನ್ನೆರಡು ತಾಸು ತಡಕೊಂಡು ಸಾಕಾಗ್ಯಾದ. ರೊಕ್ಕ ಕೊಟ್ಟು ಇಪ್ಪತ್ನಾಲ್ಕು ತಾಸಿನ ಬಿಸಿಲು ನೋಡ್ಲಾಕ ಹೋಗ್ತಾರೇನ್ರಿ?’

ಅಲ್ಲಿನ ಬಿಸಿಲು ಬೇರೆ ಜಾತಿದು ಅಂತ ವಾದಿಸಿ ಉಪಯೋಗವಿಲ್ಲ. ಚಳಿಗಾಲಕ್ಕೆ ಹೋಗೋದು ಅಂತಾಯಿತು. ಹಾಗಾದರೆ ಜಾಕೆಟ್ ಆಗುತ್ತೋ ಇಲ್ಲವೋ ನೋಡಬೇಕಲ್ವಾ? ಹತ್ತು ವರ್ಷದ ಹಿಂದೆ ದಿಲ್ಲಿಯ ಮದುವೆಗೆ ಕೊಂಡಿದ್ದನ್ನು ನುಸಿಗುಳಿಗೆ ವಾಸನೆ ಸಮೇತ ಇಳಿಸಿದೆ. ತೊಟ್ಟೆ. ಮಂಗನ ಟೋಪಿಯನ್ನೂ ಹಾಕಿಕೊಂಡೆ, ಸುಮ್ನೆ. ಹೊಟ್ಟೆ ಒಳಗೆಳೆದು ಜಿಪ್ಪನ್ನು ಕೊರಳ ತನಕ ಏರಿಸಿದೆ. ಅಲ್ಲಿ ಅದು ಒಳಗಿನ ಬಟ್ಟೆ ಕಚ್ಚಿಕೊಂಡು ಕೂತಿತು. ಅದೇ ಗಳಿಗೆಗೆ ಕರೆಂಟೂ ಹೋಯಿತು.

ಹೆಂಡತಿ ಕೊಬ್ಬರಿ ಎಣ್ಣೆ ಹುಡುಕಲು ಒಳಗೆ ಹೋದಳು. ಹೆಪ್ಪು ಕೇಳಲು ಬಂದ ಪಕ್ಕದ ಮನೆ ಕಾಕಿ ಬಾಗಿಲಲ್ಲೇ ನಿಂತುಬಿಟ್ಟರು.

‘ಯಪ್ಪಾ! ಜ್ವರ ಬಂದಾವೇನೋ ತಮ್ಮಾ?’

‘ಇಲ್ಲ ಕಾಕಿ, ನಾರ್ವೆಗೆ ಹೊಂಟೀನಿ.’

‘ಜ್ವರ ತಲಿಗೇರ್ಯಾವ’ ಅನ್ನುತ್ತ ಓಡಿದ ಕಾಕಿ, ತಮ್ಮ ಮನೆಯಿಂದ ಕೌದಿ ತಂದು ನನ್ನ ಮೇಲೆ ಹೊದಿಸಿಯೇಬಿಟ್ಟರು.

ಅಷ್ಟೊತ್ತಿಗೆ ಕೂಲರ್ ರಿಪೇರಿಯ ಹುಡುಗ ಬಂದ. ಟೋಪಿ, ಜಾಕೆಟ್ಟು, ಕೌದಿ ಎಲ್ಲವನ್ನೂ ಒಮ್ಮೆ ನೋಡಿದ. ‘ಅಕ್ಕೋರೇ, ಸಾಹೇಬ್ರಿಗಿ ಥಂಡಿ ಹತ್ಯಾದ. ಕೂಲರ್ ಈಗ್ಯಾಕ್ರೀ? ಮುಂದಿನ ವಾರ ಬರ್ತೀನಿ’ ಅಂದವನೇ ಗಾಡಿ ತಿರುಗಿಸಿದ.